ಚೆಸ್ ಸಾಫ್ಟ್‌ವೇರ್: ಈಗಲೇ ಕೊಳ್ಳಬೇಕೇ, ಕಾಯಬೇಕೇ?

ಮಕ್ಕಳು ರೇಟಿಂಗ್ (ಆಟದ ಬಲ ತೋರಿಸುವ ಅಂಕ) ಟೂರ್ನಿಗಳಲ್ಲಿ ಆಡತೊಡಗಿದ ಮೇಲೆ ಪೋಷಕರನ್ನು ಒಂದು ಪ್ರಶ್ನೆ ಕಾಡುತ್ತದೆ: ಇಂದು ಹಣ ಕೊಟ್ಟು ಚೆಸ್ ಸಾಫ್ಟ್‌ವೇರ್ ಕೊಂಡರೆ, ಮುಂದಿನ ವರ್ಷ ಅದಕ್ಕಿಂತ ಬಲವಾದದ್ದು ಬಂದುಬಿಟ್ಟರೆ? ಖಂಡಿತ ಬರುತ್ತದೆ. ಆದರೆ ಬಲ ಹೆಚ್ಚಲಿ ಎಂದು ಕಾಯುವುದರಲ್ಲಿ ಈಗ ಅರ್ಥವಿಲ್ಲ.

ಮೊದಲ ಹೆಜ್ಜೆಯಾಗಿ, ಏನನ್ನು ಕೊಳ್ಳಹೊರಟಿದ್ದೀರಿ ಎಂಬುದನ್ನು ಬಿಡಿಸಿ ನೋಡಿ. ನಡೆಗಳನ್ನು ಲೆಕ್ಕ ಹಾಕುವ ಎಂಜಿನ್, ಹಲಗೆಯನ್ನು ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ, ಲಕ್ಷಾಂತರ ಆಟಗಳ ಡೇಟಾಬೇಸ್, ಈ ಮೂರೂ ಬೇರೆ ಬೇರೆ. ಯುಸಿಐ ಎಂಬ ಸಾಮಾನ್ಯ ಒಡಂಬಡಿಕೆ ಇರುವುದರಿಂದ ಒಬ್ಬರ ಎಂಜಿನ್ನನ್ನು ಇನ್ನೊಬ್ಬರ ಪ್ರೋಗ್ರಾಮಿಗೆ ಜೋಡಿಸಬಹುದು.

ಎಂಜಿನ್ನಿಗೆ ಹಣ ಕೊಡಬೇಡಿ. 2006ರಲ್ಲಿ ಬಾನ್ ನಗರದಲ್ಲಿ, ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಅವರನ್ನು ಡೀಪ್ ಫ್ರಿಟ್ಜ್ ಎಂಬ ಎಂಜಿನ್ 4–2ರಿಂದ ಸೋಲಿಸಿತು. ಅಂದಿನಿಂದ ಎಂಜಿನ್‌ಗಳು ಬಹಳ ಮುಂದೆ ಹೋಗಿವೆ. ಅವುಗಳಲ್ಲಿ ಅಗ್ರಸಾಲಿನ ಸ್ಟಾಕ್‌ಫಿಶ್ ಪೂರ್ಣ ಉಚಿತ. 2020ರ ಸೆಪ್ಟೆಂಬರಿನಲ್ಲಿ ಬಂದ ಅದರ 12ನೇ ಆವೃತ್ತಿಯಿಂದ ನ್ಯೂರಲ್ ನೆಟ್‌ವರ್ಕ್ (ಅಸಂಖ್ಯ ಸ್ಥಿತಿಗಳಿಂದ ಕಲಿತು ಹಲಗೆಯ ಸ್ಥಿತಿಯನ್ನು ಅಳೆಯುವ ವಿಧಾನ) ಕೂಡ ಸಾಮಾನ್ಯ ಲ್ಯಾಪ್‌ಟಾಪಿನ ಪ್ರೊಸೆಸರಿನಲ್ಲೇ ಓಡುತ್ತದೆ. ಮರುವರ್ಷ ಚೆಸ್‌ಬೇಸ್ ಕಂಪನಿ ಮಾರಾಟಕ್ಕಿಟ್ಟ ಫ್ಯಾಟ್ ಫ್ರಿಟ್ಜ್ 2 ಎಂಬ ಎಂಜಿನ್ ಇದೇ ಸ್ಟಾಕ್‌ಫಿಶ್‌ನ ಮೇಲೆ ಕಟ್ಟಿದ್ದಾಗಿತ್ತು. ಪರವಾನಗಿಯ ವಿಚಾರದಲ್ಲಿ ಸ್ಟಾಕ್‌ಫಿಶ್ ತಂಡ ನ್ಯಾಯಾಲಯಕ್ಕೆ ಹೋಗಿ, 2022ರಲ್ಲಿ ರಾಜಿಯಾಗಿ, ಆ ಮಾರಾಟ ನಿಂತಿತು. 1500 ರೇಟಿಂಗಿನ ಹುಡುಗನಿಗೆ ಎಂಜಿನ್ ಇನ್ನೂ ಐವತ್ತು ಅಂಕ ಬಲವಾದರೆ ಆಗುವ ಲಾಭವಾದರೂ ಏನು?

ಎರಡನೆಯದಾಗಿ, ಕೆಲವು ತಿಂಗಳು ಉಚಿತ ಸಾಧನಗಳಲ್ಲೇ ಕೆಲಸ ಮಾಡಿ. ಲಿಚೆಸ್ ಎಂಬ ಉಚಿತ ಚೆಸ್ ಜಾಲತಾಣದ ಸ್ಟಡಿ ವಿಭಾಗದಲ್ಲಿ ಆಟವನ್ನು ನಮೂದಿಸಿ, ಎಂಜಿನ್ ಹಚ್ಚುವ ಮುನ್ನ ಮಗುವೇ ತಾನು ಯೋಚಿಸಿದ ನಡೆಗಳನ್ನು ಟಿಪ್ಪಣಿಯಾಗಿ ಬರೆಯಲಿ. ಆಮೇಲೆ ಎಂಜಿನ್ ಹಚ್ಚಿ, ಮೂರು ಸಾಲುಗಳು, ಅಂದರೆ ಅದು ಸೂಚಿಸುವ ಮೂರು ಉತ್ತಮ ನಡೆಗಳು, ಕಾಣುವಂತೆ ಹೊಂದಿಸಿ. ಪ್ರತಿ ಸಾಲಿನ ಪಕ್ಕದ ಅಂಕ ಬಿಳಿ ಕಾಯಿಗಳ ಮುನ್ನಡೆಯನ್ನು ಹೇಳುತ್ತದೆ; ಮಗು ಬಿಳಿ ಕಾಯಿಗಳಲ್ಲಿ ಆಡಿತ್ತು ಎಂದುಕೊಳ್ಳಿ. ಮೊದಲ ಸಾಲು +0.4, ಮೂರನೆಯದು +0.3 ಎಂದಿದ್ದರೆ ಆ ಸ್ಥಿತಿಯಲ್ಲಿ ಮಗು ಯಾವುದನ್ನು ಆಡಿದ್ದರೂ ನಷ್ಟವಿರಲಿಲ್ಲ. ಮೊದಲನೆಯದು +2, ಎರಡನೆಯದು 0 ಎಂದಿದ್ದರೆ ನಿಂತು ನೋಡಬೇಕಾದ ಜಾಗ ಅದೇ. ಇಷ್ಟನ್ನೂ ಮಾಡದವರಿಗೆ ದುಬಾರಿ ಸಾಫ್ಟ್‌ವೇರ್ ಡೆಸ್ಕ್‌ಟಾಪಿನ ಮೇಲಿನ ಇನ್ನೊಂದು ಐಕಾನ್ ಮಾತ್ರ.

ಮೂರನೆಯದಾಗಿ, ಕೆಲಸ ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ಗುರುತಿಸಿ. ನಾಳಿನ ಎದುರಾಳಿಯ ಹಳೆಯ ಆಟಗಳನ್ನು ಹುಡುಕಬೇಕು, ಕೋಚ್ ಕಳಿಸುವ ಓಪನಿಂಗ್ (ಆಟದ ಆರಂಭದ ನಡೆಗಳ) ಕಡತಗಳು ಅವರ ಪ್ರೋಗ್ರಾಮಿನಲ್ಲಷ್ಟೇ ಸರಿಯಾಗಿ ತೆರೆಯುತ್ತವೆ ಎಂಬಂಥ ತೊಂದರೆ ವಾರವಾರವೂ ಬರುತ್ತಿದ್ದರೆ ಕೊಳ್ಳುವ ಕಾಲ ಬಂದಿದೆ ಎಂದೇ ಅರ್ಥ. ಆಗ ಹಣ ಕೊಡುವುದು ಡೇಟಾಬೇಸಿಗೆ, ಹುಡುಕುವ ಅನುಕೂಲಕ್ಕೆ. ಡೇಟಾಬೇಸ್ ಹಳತಾಗುತ್ತದೆ ಎಂಬ ಭಯ ಅನವಶ್ಯಕ: 1994ರಿಂದ ನಡೆಯುತ್ತಿರುವ 'ದಿ ವೀಕ್ ಇನ್ ಚೆಸ್' ಎಂಬ ಜಾಲತಾಣ ಪ್ರತಿವಾರ ಹೊಸ ಆಟಗಳನ್ನು ಉಚಿತವಾಗಿ ಕೊಡುತ್ತದೆ, ಅವನ್ನು ಇಳಿಸಿಕೊಂಡು ಸೇರಿಸಿದರಾಯಿತು.

ಇನ್ನು ತಿಂಗಳ ಆಯ್ಕೆ. ಮೇಲೆ ಹೇಳಿದ ಚೆಸ್‌ಬೇಸ್ ಕಂಪನಿಯ ಅದೇ ಹೆಸರಿನ ಡೇಟಾಬೇಸ್ ಪ್ರೋಗ್ರಾಮಿನ 16, 17, 18ನೇ ಆವೃತ್ತಿಗಳು 2020, 2022, 2024ರ ನವೆಂಬರ್‌ಗಳಲ್ಲಿ ಬಂದವು. ಹೀಗಾಗಿ ಹೊಸ ಆವೃತ್ತಿಯ ನಿರೀಕ್ಷೆ ಇರುವ ವರ್ಷ ಸೆಪ್ಟೆಂಬರಿನಲ್ಲಿ ಕೊಳ್ಳುವವರು ಎರಡು ತಿಂಗಳು ತಡೆದರೆ ಒಳ್ಳೆಯದು; ಅದಕ್ಕಿಂತ ಹೆಚ್ಚು ಕಾಯುವುದು ಮಗುವಿನ ಅಭ್ಯಾಸಕ್ಕೆ ನಷ್ಟ. ಹಣ ಕೊಡುವ ಮೊದಲು, ಚೆಸ್‌ಬೇಸ್ ವಿಂಡೋಸ್‌ಗೆಂದೇ ಮಾಡಿದ ಪ್ರೋಗ್ರಾಂ ಎಂಬುದನ್ನು ಮನೆಯಲ್ಲಿ ಮ್ಯಾಕ್ ಇರುವವರು ಮರೆಯಬಾರದು.