ಡೇಟಾಬೇಸ್ ಕೆಟ್ಟಿದೆ ಅಂದಾಗ ನಾನು ಮೊದಲು ನೋಡುವುದು

ಶಾಲೆ, ಸಹಕಾರ ಸಂಘ, ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ನನ್ನದು. ಎಲ್ಲದರ ಹಿಂದೆ ಇರುವುದು ಹೆಚ್ಚಾಗಿ ಮೈಎಸ್‌ಕ್ಯುಎಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್. ತೊಂದರೆ ಬಂದಾಗ ಫೋನಿನಲ್ಲಿ ಕೇಳುವ ಮಾತು ಬಹುಪಾಲು ಒಂದೇ: "ಸರ್, ಡೇಟಾಬೇಸ್ ಕೆಟ್ಟೋಗಿದೆ." ನಿಜವಾಗಿ ಡೇಟಾಬೇಸ್ ಕೆಡುವುದು ತೀರಾ ಅಪರೂಪ. ಹಾಗಾಗಿ ನಾನು ಮೊದಲು ಕೇಳುವುದು ಎರರ್ ನಂಬರ್. ಎರರ್ ಏನೂ ಇಲ್ಲ ಅಂದರೆ, ಟೇಬಲ್ ಒಳಗೆ ಏನು ಕೂತಿದೆ ಅಂತ ನೋಡುತ್ತೇನೆ. ಅದು ಗೊತ್ತಾಗುವವರೆಗೆ ಯಾವುದಕ್ಕೂ ಕೈ ಹಾಕುವುದಿಲ್ಲ. ರೀಸ್ಟಾರ್ಟ್ ಕೂಡ ಬೇಡ ಅನ್ನುತ್ತೇನೆ, ಯಾಕೆಂದರೆ ನೋಡಬೇಕಾದದ್ದು ಎಷ್ಟೋ ಸಲ ಅದರ ಜೊತೆಗೇ ಅಳಿಸಿಹೋಗುತ್ತದೆ.

ಕನ್ನಡದಲ್ಲಿ ಡೇಟಾ ಇಟ್ಟವರಿಂದ ಬರುವ ದೊಡ್ಡ ದೂರು ಪ್ರಶ್ನಾರ್ಥಕ ಚಿಹ್ನೆಯದು. ಹೆಸರಿನ ಜಾಗದಲ್ಲಿ ಬರೀ ???? ಕಾಣುತ್ತದೆ. ತಕ್ಷಣ ಯಾರೋ ಟೇಬಲ್‌ನ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಬದಲಾಯಿಸಲು ಹೊರಡುತ್ತಾರೆ. ಸ್ವಲ್ಪ ತಡೀರಿ. ಮೊದಲು ಆ ಕಾಲಂ ಮೇಲೆ ಹೆಕ್ಸ್ ಫಂಕ್ಷನ್ ಹಾಕಿ ನೋಡಿ, ಒಳಗಿರುವ ಬೈಟ್‌ಗಳು ಇದ್ದ ಹಾಗೇ ಕಾಣುತ್ತವೆ. ಯೂನಿಕೋಡ್‌ನ ಯುಟಿಎಫ್8 ರೂಪದಲ್ಲಿ ಪ್ರತಿ ಕನ್ನಡ ಅಕ್ಷರ ಚಿಹ್ನೆಗೂ ಮೂರು ಬೈಟ್. ಎಲ್ಲವೂ ಇ0ಬಿ2 ಅಥವಾ ಇ0ಬಿ3 ಅಂತಲೇ ಶುರುವಾಗುತ್ತವೆ. 'ಕ' ಅಂದರೆ ಇ0ಬಿ295.

ಹೆಕ್ಸ್‌ನಲ್ಲಿ ಇದೇ ಕಂಡರೆ ನಿಮ್ಮ ಡೇಟಾ ಕ್ಷೇಮವಾಗಿದೆ. ಹೊರಗೆ ತರುವ ಕನೆಕ್ಷನ್ ಮಾತ್ರ ಬೇರೆ ಕ್ಯಾರೆಕ್ಟರ್ ಸೆಟ್‌ನಲ್ಲಿ ಮಾತಾಡುತ್ತಿದೆ. ಕನೆಕ್ಷನ್ ಆದ ಕೂಡಲೇ 'ಸೆಟ್ ನೇಮ್ಸ್ ಯುಟಿಎಫ್8ಎಂಬಿ4' ಕೊಟ್ಟರೆ ಸರಿಹೋಗುತ್ತದೆ. ಬರೀ 3ಎಫ್ 3ಎಫ್ ಅಂತ ಕಂಡರೆ ಮಾತ್ರ ಬೇಜಾರಿನ ಸಂಗತಿ. 3ಎಫ್ ಅಂದರೆ ಪ್ರಶ್ನಾರ್ಥಕ ಚಿಹ್ನೆಯೇ. ಬರೆಯುವಾಗಲೇ ಅಕ್ಷರ ಕಳೆದುಹೋಗಿದೆ, ಯಾವ ಕಮಾಂಡೂ ಅದನ್ನು ವಾಪಸ್ ತರುವುದಿಲ್ಲ. ಹಳೆಯ ಬ್ಯಾಕಪ್ ಹುಡುಕಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕು.

ಮೂರನೆಯ ಬಗೆಯೂ ಉಂಟು. ಹೆಕ್ಸ್ ಸಿ3ಎ0ಸಿ2ಬಿ2 ಅಂತ ಶುರುವಾಗುತ್ತದೆ. ಸರಿಯಾದ ಕನ್ನಡದ ಬೈಟ್‌ಗಳನ್ನೇ ಲ್ಯಾಟಿನ್1 (ಇಂಗ್ಲಿಷ್‌ನಂಥ ಯುರೋಪಿನ ಭಾಷೆಗಳ ಹಳೆಯ ಕ್ಯಾರೆಕ್ಟರ್ ಸೆಟ್) ಅಂತ ತಿಳಿದು ಮೈಎಸ್‌ಕ್ಯುಎಲ್ ಇನ್ನೊಮ್ಮೆ ಯುಟಿಎಫ್8 ಮಾಡಿಟ್ಟಿದೆ. ನೋಡಲು ಭಯಂಕರ, ಆದರೆ ಬಿಡಿಸಲು ಬರುತ್ತದೆ. ಕಾಲಂ ಅನ್ನು ಲ್ಯಾಟಿನ್1ಗೆ ಕನ್ವರ್ಟ್ ಮಾಡಿ, ಅದನ್ನು ಬೈನರಿಗೆ ಕಾಸ್ಟ್ ಮಾಡಿ, ಬಂದದ್ದನ್ನು ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡಬೇಕು. ಮೊದಲು ಸೆಲೆಕ್ಟ್‌ನಲ್ಲಿ ನೋಡಿ, ಬ್ಯಾಕಪ್ ತೆಗೆದುಕೊಂಡು, ಆಮೇಲಷ್ಟೇ ಅಪ್‌ಡೇಟ್. ಸರಿ ಇರುವ ಸಾಲುಗಳಿಗೂ ಇದನ್ನೇ ಹಾಯಿಸಿದರೆ ಅವು ಹಾಳಾಗುತ್ತವೆ. ಅದಕ್ಕೇ ಹೆಕ್ಸ್ ನೋಡಿ ಬೇರೆ ಮಾಡಿಕೊಳ್ಳಿ.

"ಕನ್ನಡ ಸರಿಯಾಗಿ ಬರ್ತಿದೆ, ಇಮೋಜಿ ಹಾಕಿದರೆ ಮಾತ್ರ 1366 ಎರರ್" ಅನ್ನುವವರಿಗೆ ಕಾರಣ ಸುಲಭ. ಮೈಎಸ್‌ಕ್ಯುಎಲ್‌ನ ಹಳೆಯ 'ಯುಟಿಎಫ್8' ಅಕ್ಷರವೊಂದಕ್ಕೆ ಮೂರು ಬೈಟ್‌ಗಿಂತ ಜಾಸ್ತಿ ಹಿಡಿಯುವುದಿಲ್ಲ. ಇಮೋಜಿಗೆ ನಾಲ್ಕು ಬೇಕು, ಅದನ್ನು ಹಿಡಿಯುವುದು ಯುಟಿಎಫ್8ಎಂಬಿ4. 8.0 ಆವೃತ್ತಿಯಿಂದ ಹೊಸ ಡೇಟಾಬೇಸ್‌ಗಳು ತಾವಾಗಿಯೇ ಯುಟಿಎಫ್8ಎಂಬಿ4 ಆಗಿರುತ್ತವೆ. ಹಳೆಯದನ್ನು ತಂದು ಕೂರಿಸಿದರೆ ಹಳೆಯ ಸೆಟ್ಟಿಂಗೇ ಜೊತೆಗೆ ಬರುತ್ತದೆ.

ಇದಕ್ಕಿಂತ ತಲೆ ತಿನ್ನುವುದು, ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರುಗಳು. 'ರಮೇಶ್' ಅಂತ ಹುಡುಕಿದರೆ ಒಬ್ಬರು ಸಿಗುತ್ತಾರೆ, ಇನ್ನೊಬ್ಬ ರಮೇಶ್ ಸಿಗುವುದೇ ಇಲ್ಲ. ಸಿಗದವರ ಹೆಸರಿನ ಹೆಕ್ಸ್ ನೋಡಿ. ಕೊನೆಯಲ್ಲಿ ಇ2808ಸಿ ಅಂತ ಬಾಲ ಇರಬಹುದು. ಅದು ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್, ಒತ್ತಕ್ಷರ ಆಗದಂತೆ ತಡೆಯುವ ಚಿಹ್ನೆ. ಟೈಪ್ ಮಾಡುವಾಗ ಸೇರಿಕೊಂಡಿರುತ್ತದೆ. 'ಜನರಲ್ ಸಿಐ' ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಅದನ್ನೂ ಒಂದು ಅಕ್ಷರವಾಗಿ ಎಣಿಸುತ್ತದೆ. ಹೆಸರು ಉಳಿಸುವ ಮುನ್ನ ಕೊನೆಯಲ್ಲಿ ಇದು ಇದ್ದರೆ ತೆಗೆದುಬಿಡುವುದನ್ನು ನಾನು ಈಗ ಎಲ್ಲ ಪ್ರೋಗ್ರಾಮ್‌ಗಳಲ್ಲೂ ಹಾಕಿದ್ದೇನೆ. ನಡುವೆ ಇರುವುದನ್ನು ಮುಟ್ಟುವುದಿಲ್ಲ, ತೆಗೆದರೆ 'ರಾಜ್‌ಕುಮಾರ್' ಬೇರೆಯದೇ ಒತ್ತಕ್ಷರವಾಗಿಬಿಡುತ್ತದೆ.

ಇನ್ನು ನಿಧಾನದ ವಿಷಯ. "ಇಂಡೆಕ್ಸ್ ಹಾಕಿದ್ದೀವಿ ಸರ್, ಆದ್ರೂ ಮೊಬೈಲ್ ನಂಬರ್ ಹುಡುಕೋಕೆ ಯುಗ ಆಗುತ್ತೆ." ಇಂಡೆಕ್ಸ್ ಅಂದರೆ ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ. ನಾನು ಹೇಳುವುದು ಇಷ್ಟೇ, ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಮುಂದೆ 'ಎಕ್ಸ್‌ಪ್ಲೇನ್' ಸೇರಿಸಿ ಓಡಿಸಿ, ಹೇಗೆ ಹುಡುಕುತ್ತದೆ ಅಂತ ಅದು ತೋರಿಸುತ್ತದೆ. ಇಂಥ ಕಡೆ ಟೈಪ್ ಅನ್ನುವಲ್ಲಿ 'ಆಲ್' ಇರುತ್ತದೆ. ಅಂದರೆ ಟೇಬಲ್ ಪೂರ್ತಿ ಓದುತ್ತಿದೆ. ಬಳಸಬಹುದಾದ ಇಂಡೆಕ್ಸ್ ಪಟ್ಟಿಯಲ್ಲಿ ಹೆಸರು ಇದೆ, ಬಳಸಿದ ಜಾಗದಲ್ಲಿ ನಲ್, ಅಂದರೆ ಏನೂ ಇಲ್ಲ. ಆಗ ಕ್ವೆರಿಯನ್ನು ಒಮ್ಮೆ ಸರಿಯಾಗಿ ನೋಡಿ. ಕಾಲಂ ವಾರ್‌ಚಾರ್ (ಪಠ್ಯ), ಹುಡುಕಲು ಕೊಟ್ಟ ಹತ್ತಂಕಿಗೆ ಕೋಟ್ಸ್ ಇಲ್ಲ. ಪಠ್ಯವನ್ನು ಸಂಖ್ಯೆಯ ಜೊತೆ ಹೋಲಿಸು ಅಂದರೆ ಮೈಎಸ್‌ಕ್ಯುಎಲ್ ಪ್ರತಿ ಸಾಲಿನ ಪಠ್ಯವನ್ನೂ ಸಂಖ್ಯೆ ಮಾಡಿ ನೋಡುತ್ತದೆ. ಮುಂದೆ ಸೊನ್ನೆ ಇರುವುದು, ಜಾಗ ಬಿಟ್ಟಿರುವುದು, ಎಲ್ಲವೂ ಸಂಖ್ಯೆಯಾದಾಗ ಒಂದೇ ಆಗಿಬಿಡುತ್ತವೆ ಅಲ್ವಾ? ಅಕ್ಷರದ ಕ್ರಮದಲ್ಲಿ ಜೋಡಿಸಿದ ಇಂಡೆಕ್ಸ್ ಅಲ್ಲಿ ಏನು ಮಾಡೀತು? ನಂಬರಿನ ಸುತ್ತ ಕೋಟ್ಸ್ ಹಾಕಿ ಮತ್ತೆ ಎಕ್ಸ್‌ಪ್ಲೇನ್ ಕೊಡಿ. 'ಆಲ್' ಹೋಗಿ 'ರೆಫ್' ಬರುತ್ತದೆ, ಓದಬೇಕಾದ ಸಾಲುಗಳು ಒಂದೋ ಎರಡೋ ಅಂತ ತೋರಿಸುತ್ತದೆ.

ತಾರೀಖಿನದ್ದೂ ಇದೇ ಕಥೆ. ಬಿಲ್ಲಿನ ತಾರೀಖು ಮತ್ತು ಸಮಯ ಇರುವ ಕಾಲಂಗೆ ಡೇಟ್ ಫಂಕ್ಷನ್ ಸುತ್ತಿ ಮಾರ್ಚ್ 31 ಹುಡುಕುವ ಬದಲು, ಮಾರ್ಚ್ 31ರಿಂದ ಶುರು, ಏಪ್ರಿಲ್ 1ಕ್ಕಿಂತ ಮೊದಲು ಅಂತ ಬರೆಯಿರಿ. ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ. ಸರ್ವರ್‌ಗೆ ರ‍್ಯಾಮ್ ಹಾಕಿಸುವ ಮೊದಲು ಇವೆರಡನ್ನು ನೋಡಿಬಿಡಿ, ದುಡ್ಡು ಉಳಿಯುತ್ತದೆ.

1205 ಎರರ್ ಬಂದರೆ ಯಾರೋ ಸಾಲನ್ನು ಹಿಡಿದುಕೊಂಡು ಕೂತಿದ್ದಾರೆ ಅಂತ ಅರ್ಥ. ಸೆಟ್ಟಿಂಗ್ ಬದಲಾಯಿಸಿಲ್ಲದಿದ್ದರೆ 50 ಸೆಕೆಂಡ್ ಕಾದು ಈ ಎರರ್ ಕೊಡುತ್ತದೆ. ಇಲ್ಲಿ ನನ್ನ ಅನುಮಾನ ಮೊದಲು ಹೋಗುವುದು ಪ್ರೋಗ್ರಾಮ್ ಮೇಲಲ್ಲ, ಮನುಷ್ಯರ ಮೇಲೆ. ಆಟೋಕಮಿಟ್ ಆಫ್ ಮಾಡಿಕೊಂಡು ಒಂದು ಅಪ್‌ಡೇಟ್ ಕೊಟ್ಟು, ಕಮಿಟ್ ಮಾಡದೆ (ಬದಲಾವಣೆಯನ್ನು ಖಾಯಂ ಮಾಡದೆ) ಊಟಕ್ಕೆ ಎದ್ದುಹೋದವರು ಇರುತ್ತಾರೆ. ಪ್ರೋಸೆಸ್‌ಲಿಸ್ಟ್‌ನಲ್ಲಿ ಆ ಕನೆಕ್ಷನ್ 'ಸ್ಲೀಪ್' ಅಂತ ಪಾಪದ ಹಾಗೆ ಕೂತಿರುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ಫರ್ಮೇಷನ್ ಸ್ಕೀಮಾದ 'ಇನ್ನೋಡಿಬಿ ಟಿಆರ್‌ಎಕ್ಸ್' ಟೇಬಲ್‌ನಲ್ಲಿ ಎಲ್ಲಕ್ಕಿಂತ ಹಳೆಯ ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಬದಲಾವಣೆಗಳ ಗುಂಪು) ಯಾವುದು ನೋಡಿ. ಥ್ರೆಡ್ ಐಡಿಯೂ ಅಲ್ಲೇ ಸಿಗುತ್ತದೆ. ಅವರನ್ನೇ ಒಂದು ಮಾತು ಕೇಳಿ, ಆಮೇಲೆ ಕಿಲ್ ಮಾಡಿ. ಒಂದು ಎಚ್ಚರ: 1205 ಬಂದಾಗ ಸಾಮಾನ್ಯವಾಗಿ ಕೊನೆಯ ಹೇಳಿಕೆ ಮಾತ್ರ ವಾಪಸ್ ಆಗುತ್ತದೆ, ಇಡೀ ಟ್ರಾನ್ಸಾಕ್ಷನ್ ಅಲ್ಲ. ಡೆಡ್‌ಲಾಕ್‌ನ (ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತಾ ಸಿಕ್ಕಿಕೊಂಡಾಗ ಬರುವ) 1213ರಲ್ಲಿ ಪೂರ್ತಿ ವಾಪಸ್. ಪ್ರೋಗ್ರಾಮ್‌ನಲ್ಲಿ ಎರಡನ್ನೂ ಒಂದೇ ಥರ ನೋಡಿಕೊಂಡರೆ ಅರ್ಧ ಜಮೆ, ಅರ್ಧ ಖರ್ಚು ಅಂತ ಲೆಕ್ಕ ತಪ್ಪುತ್ತದೆ.

'ಫೀಸ್ ಕಟ್ಟದ ಮಕ್ಕಳ ಪಟ್ಟಿ ಖಾಲಿ ಬರ್ತಿದೆ' ಅಂದರೆ 'ನಾಟ್ ಇನ್' (ಈ ಪಟ್ಟಿಯಲ್ಲಿ ಇಲ್ಲದವರು) ಒಳಗಿನ ಪಟ್ಟಿಯಲ್ಲಿ ಒಂದು ನಲ್ ಇದೆಯಾ ನೋಡಿ. ಒಂದಿದ್ದರೂ ಸಾಕು, ಫಲಿತಾಂಶ ಖಾಲಿ. 'ನಾಟ್ ಎಕ್ಸಿಸ್ಟ್ಸ್' ಬಳಸಿ.

ಕೊನೆಗೆ ರಸೀದಿ ನಂಬರ್. "ಮಧ್ಯದಲ್ಲಿ ನಂಬರ್ ತಪ್ಪಿದೆ, ಯಾರೋ ರಸೀದಿ ಅಳಿಸಿದ್ದಾರೆ" ಅಂತ ಗುಮಾಸ್ತರ ಮೇಲೆ ಅನುಮಾನ ಪಟ್ಟವರನ್ನು ನೋಡಿದ್ದೇನೆ. ಆಟೋ ಇನ್‌ಕ್ರಿಮೆಂಟ್ (ತಾನಾಗಿ ಏರುವ) ನಂಬರ್ ಒಮ್ಮೆ ಕೊಟ್ಟರೆ ಮುಗಿಯಿತು. ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗಿ ರದ್ದಾದರೂ ಅದು ವಾಪಸ್ ಬರುವುದಿಲ್ಲ. ಖಾಲಿ ಬಿಡದ ನಂಬರ್ ಬೇಕಿದ್ದರೆ ಬೇರೆ ಟೇಬಲ್‌ನಲ್ಲಿ ಕೊನೆಯ ಸಂಖ್ಯೆ ಇಟ್ಟು, ಅದೇ ಟ್ರಾನ್ಸಾಕ್ಷನ್‌ನಲ್ಲಿ 'ಸೆಲೆಕ್ಟ್ ಫಾರ್ ಅಪ್‌ಡೇಟ್' ಮಾಡಿ, ಅಂದರೆ ಆ ಸಾಲನ್ನು ಹಿಡಿದಿಟ್ಟು, ಒಂದು ಕೂಡಿಸಬೇಕು. ಒಬ್ಬರ ಹಿಂದೆ ಒಬ್ಬರು ಕಾಯಬೇಕಾಗುತ್ತದೆ, ಆದರೆ ಮೂರ್ನಾಲ್ಕು ಕೌಂಟರ್ ಇರುವ ಕಡೆ ಅದು ಗೊತ್ತೇ ಆಗುವುದಿಲ್ಲ. ಹಳೆಯ ಸಾಲುಗಳ ಐಡಿ ತಿದ್ದಿ ಸಾಲಾಗಿ ಕೂರಿಸಲು ಮಾತ್ರ ಹೋಗಬೇಡಿ, ಬೇರೆ ಟೇಬಲ್‌ಗಳು ಅದೇ ಐಡಿಯನ್ನು ಹಿಡಿದುಕೊಂಡಿರುತ್ತವೆ.