ಎದೆಮೂಳೆಯ ಹಿಂದಿನ ಗಡ್ಡೆ: ಥೈಮಸ್ ಸ್ಕ್ಯಾನ್ ನಾನು ಓದುವ ಬಗೆ

ಕೋಲಾರದಲ್ಲಿ ನನ್ನ ಮುಂದೆ ಬರುವ ಎದೆಯ ಸ್ಕ್ಯಾನ್‌ಗಳಲ್ಲಿ ಟಿ.ಬಿ., ನ್ಯುಮೋನಿಯಾ, ಬೀಡಿ ಸೇದಿ ಹಾಳಾದ ಶ್ವಾಸಕೋಶ ಇವೇ ಜಾಸ್ತಿ. ಕೆ.ಜಿ.ಎಫ್. ಕಡೆಯವರಾದರೆ ಗಣಿ ಧೂಳಿನ ಸಿಲಿಕೋಸಿಸ್. ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಆ ಧೂಳು ಕುಡಿದ ಶ್ವಾಸಕೋಶಗಳು ಮಾತ್ರ ಇನ್ನೂ ನಮ್ಮ ಮಾನಿಟರ್ ಮೇಲೆ ಬರುತ್ತಲೇ ಇವೆ. ಇವುಗಳ ನಡುವೆ ಯಾವಾಗಲೋ ಒಮ್ಮೆ ಥೈಮಸ್ ಗ್ರಂಥಿಯ ಗಡ್ಡೆ ಸಿಗುತ್ತದೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಮೂವರಿಗೋ ಬರುವ ಕಾಯಿಲೆ ಅದು. ಅಪರೂಪ ಅಂತಲೇ ಇರಬೇಕು, 'ಎದೆಯ ಮುಂಭಾಗದಲ್ಲಿ ಗಡ್ಡೆ, ಥೈಮೋಮಾ (ಥೈಮಸ್‌ನ ಗಡ್ಡೆ) ಇರಬಹುದು' ಎಂಬ ಒಂದೇ ಸಾಲಿನಲ್ಲಿ ಮುಗಿಯುವ ರಿಪೋರ್ಟ್‌ಗಳನ್ನು ರೋಗಿಗಳು ಹಿಡಿದುಕೊಂಡು ಬರುತ್ತಾರೆ. ಆ ಒಂದು ಸಾಲಿನಿಂದ ಸರ್ಜನ್‌ಗೆ ಏನೂ ಉಪಯೋಗವಿಲ್ಲ. ಅದನ್ನು ತೆಗೆಯಬೇಕಾ, ಬೇಡವಾ? ತೆಗೆದರೆ ಪೂರ್ತಿ ಬರುತ್ತದಾ? ಅವರಿಗೆ ಬೇಕಿರುವುದು ಇದು. ಸ್ಕ್ಯಾನ್ ಸರಿಯಾಗಿ ಮಾಡಿ, ಸರಿಯಾಗಿ ಓದಿದರೆ ಇದರಲ್ಲಿ ಬಹುಪಾಲು ಉತ್ತರ ಅದರಲ್ಲೇ ಇರುತ್ತದೆ.

ಥೈಮಸ್ ಎದೆಮೂಳೆಯ ಹಿಂದೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳ ಮುಂದೆ ಕೂತಿರುತ್ತದೆ. ಚಿಕ್ಕ ಮಕ್ಕಳಲ್ಲಿ ದೊಡ್ಡದು. ಹರೆಯ ದಾಟಿದ ಮೇಲೆ ಕುಗ್ಗುತ್ತಾ ಹೋಗುತ್ತದೆ, ಆ ಜಾಗವನ್ನು ಕೊಬ್ಬು ತುಂಬಿಕೊಳ್ಳುತ್ತದೆ. ನಲವತ್ತು ದಾಟಿದವರ ಸ್ಕ್ಯಾನ್‌ನಲ್ಲಿ ಅಲ್ಲಿ ಹೆಚ್ಚೂಕಮ್ಮಿ ಬರೀ ಕೊಬ್ಬೇ ಕಾಣಬೇಕು. ಆದ್ದರಿಂದ ನಾನು ಮೊದಲು ನೋಡುವುದು ವಯಸ್ಸು. ಹದಿನೆಂಟರ ಹುಡುಗನಲ್ಲಿ ಸಹಜವಾದದ್ದು ಐವತ್ತರ ಹೆಂಗಸಿನಲ್ಲಿ ಸಹಜ ಅಲ್ಲ.

ಆದರೆ ನನ್ನ ಕೆಲಸ ಮಾನಿಟರ್ ಮುಂದೆ ಶುರುವಾಗುವುದಿಲ್ಲ. ರೋಗಿಯನ್ನು ಮೇಜಿನ ಮೇಲೆ ಮಲಗಿಸುವ ಮುಂಚೆ ಎದುರು ಕೂರಿಸಿಕೊಂಡು ಮಾತಾಡಿಸುತ್ತೇನೆ. ಥೈಮೋಮಾ ಇರುವವರಲ್ಲಿ ಸುಮಾರು ಮೂರನೇ ಒಂದು ಪಾಲಿನಿಂದ ಅರ್ಧದಷ್ಟು ಜನರಿಗೆ ಮಯಸ್ತೇನಿಯಾ ಗ್ರೇವಿಸ್ ಇರುತ್ತದೆ. ನರದಿಂದ ಸ್ನಾಯುವಿಗೆ ಸಂದೇಶ ಸರಿಯಾಗಿ ತಲುಪದೆ ಸ್ನಾಯು ಬೇಗ ಸೋಲುವ ಕಾಯಿಲೆ. ಮುಳಬಾಗಿಲಿನ ಕಡೆಯ ಒಬ್ಬ ತಾಯಿ ಬಂದಿದ್ದರು, ಬಟ್ಟೆ ಹೊಲಿಯುವವರು. ನಮ್ಮ ಕಡೆ ಮಾತು ಅರ್ಧ ಕನ್ನಡ, ಅರ್ಧ ತೆಲುಗು. 'ಬೆಳಿಗ್ಗೆ ಚೆನ್ನಾಗೇ ಇರ್ತೀನಿ ಸಾರ್, ಸಂಜೆ ಆದ್ರೆ ಸೂಜಿಗೆ ದಾರ ಪೋಣಿಸೋಕಾಗಲ್ಲ, ಒಂದು ದಾರ ಎರಡಾಗಿ ಕಾಣ್ತದೆ' ಅಂದರು. ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಕನ್ನಡಕ ಬದಲಾಯಿಸಿಕೊಂಡೂ ಬಂದಿದ್ದರು. 'ಅಮ್ಮಾ, ತಲೆ ಅಲ್ಲಾಡಿಸಬೇಡಿ, ಮೇಲೆ ಸೂರು ನೋಡ್ತಾ ಇರಿ' ಎಂದೆ. ಸ್ವಲ್ಪ ಹೊತ್ತಿಗೆ ಎಡಗಣ್ಣಿನ ರೆಪ್ಪೆ ನಿಧಾನವಾಗಿ ಇಳಿಯಿತು. ಅಷ್ಟು ಸಾಕು. ಸ್ಕ್ಯಾನ್‌ನಲ್ಲಿ ಏನು ಹುಡುಕಬೇಕು ಅನ್ನೋದು ಆಗಲೇ ಗೊತ್ತಾಯಿತು.

ಈ ಮಾತುಕತೆಯಿಂದ ಇನ್ನೊಂದು ಲಾಭ ಇದೆ. ಮಯಸ್ತೇನಿಯಾ ಇರುವವರಿಗೆ ಉಸಿರು ಹಿಡಿದುಕೊಳ್ಳುವುದು ಕಷ್ಟ. ಅಂಗಾತ ಮಲಗಿದರೆ ಕೆಲವರಿಗೆ ಇನ್ನೂ ಕಷ್ಟ. ಉಸಿರಾಡಿದರೆ ಚಿತ್ರ ಅಲುಗುತ್ತದೆ, ಗಡ್ಡೆಯ ಅಂಚು ಮಸುಕಾಗುತ್ತದೆ. ಈ ಕಾಯಿಲೆಯಲ್ಲಿ ಆ ಅಂಚೇ ಮುಖ್ಯ. ಪಿರಿಡೋಸ್ಟಿಗ್ಮಿನ್ ಮಾತ್ರೆ ಆಗಲೇ ತಗೋತಿದ್ದರೆ, ಮಾತ್ರೆ ನುಂಗಿ ಒಂದು ಗಂಟೆ ಕಳೆದ ಮೇಲೆ ಸ್ಕ್ಯಾನ್ ಇಟ್ಟುಕೊಳ್ಳುತ್ತೇನೆ. ಆಗ ಶಕ್ತಿ ಸ್ವಲ್ಪ ಚೆನ್ನಾಗಿರುತ್ತದೆ. ಉಸಿರು ಹಿಡಿಯುವುದನ್ನು ಮೊದಲೇ ಒಂದೆರಡು ಸಲ ಅಭ್ಯಾಸ ಮಾಡಿಸುತ್ತೇವೆ, ಆದರೆ ಸುಸ್ತಾಗುವಷ್ಟಲ್ಲ.

ಇನ್ನು ಸೂಜಿ. ರಕ್ತನಾಳಗಳು ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣಲೆಂದು ಚುಚ್ಚುವ ಕಾಂಟ್ರಾಸ್ಟ್ ಔಷಧಿಯನ್ನು ಬಲಗೈಗೇ ಕೊಡಬೇಕು ಎಂದು ನಮ್ಮ ಟೆಕ್ನಿಷಿಯನ್‌ಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಎಡಗೈಯಿಂದ ಬರುವ ದೊಡ್ಡ ಅಭಿಧಮನಿ ಥೈಮಸ್ ಇರುವ ಜಾಗದಲ್ಲೇ ಅಡ್ಡ ಹಾದು ಬಲಕ್ಕೆ ಹೋಗುತ್ತದೆ. ಎಡಗೈಗೆ ಕೊಟ್ಟರೆ ಗಾಢ ಔಷಧಿ ಅದರಲ್ಲಿ ತುಂಬಿ, ಬಿಳಿ-ಕಪ್ಪು ಗೆರೆಗಳು ನಾವು ನೋಡಬೇಕಾದ ಜಾಗದ ಮೇಲೇ ಹರಡುತ್ತವೆ. ಗಡ್ಡೆ ರಕ್ತನಾಳಕ್ಕೆ ಅಂಟಿದೆಯೋ ಇಲ್ಲವೋ ಎಂದು ಆಮೇಲೆ ಎಷ್ಟು ಹೊತ್ತು ನೋಡಿದರೂ ಗೊತ್ತಾಗುವುದಿಲ್ಲ. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದ ಕ್ರಿಯೇಟಿನಿನ್ ನೋಡಿ, ಬಲ ಮೊಣಕೈ ಹತ್ತಿರ ಸೂಜಿ ಹಾಕಿ, ಕುತ್ತಿಗೆಯ ಬುಡದಿಂದ ಶ್ವಾಸಕೋಶದ ಕಟ್ಟಕಡೆಯ ಮೂಲೆ ದಾಟುವವರೆಗೆ, ಒಂದು ಮಿಲಿಮೀಟರ್ ತೆಳು ಪದರಗಳಲ್ಲಿ ತೆಗೆಯುತ್ತೇವೆ. ಕೆಳಗಿನ ಮೂಲೆ ಯಾಕೆ ಬೇಕು ಅನ್ನೋದನ್ನು ಮುಂದೆ ಹೇಳುತ್ತೇನೆ.

ಗಡ್ಡೆ ಕಂಡಿತು ಅಂದುಕೊಳ್ಳಿ. ಅದು ಥೈಮೋಮಾ ಎನ್ನುವ ಮುಂಚೆ, ಥೈಮೋಮಾ ಅಲ್ಲದೆ ಬೇರೆ ಏನಿರಬಹುದು ಎಂದು ನೋಡುತ್ತೇನೆ. ನನಗೆ ತುಂಬಾ ಕಾಳಜಿ ಇರುವುದು ಇಲ್ಲೇ. ಸುಮ್ನೆ ಒಬ್ಬರ ಎದೆ ಕುಯ್ಯಿಸುವುದು ಚಿಕ್ಕ ಮಾತಲ್ಲ, ಅಲ್ವಾ?

ನೀರುಗುಳ್ಳೆಯನ್ನೇ ತೆಗೆದುಕೊಳ್ಳಿ. ಥೈಮಸ್‌ನ ಸಿಸ್ಟ್‌ನಲ್ಲಿ ಪ್ರೋಟೀನೋ ಹಳೆಯ ರಕ್ತವೋ ಸೇರಿದ್ದರೆ ಸಿ.ಟಿ.ಯಲ್ಲಿ ಅದು ನೀರಿನ ಹಾಗೆ ಕಾಣುವುದಿಲ್ಲ. ಸಿ.ಟಿ.ಯ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ತಿಳಿ ನೀರಿನ ಸಾಂದ್ರತೆ ಸೊನ್ನೆಯ ಆಸುಪಾಸಿನಲ್ಲಿ ಇದ್ದರೆ, ಇದು 40-50ಕ್ಕೆ ಏರಿ ಥೇಟ್ ಗಟ್ಟಿ ಗಡ್ಡೆಯ ಲೆಕ್ಕವನ್ನೇ ತೋರಿಸುತ್ತದೆ. ಅದನ್ನೇ ಗಡ್ಡೆ ಎಂದು ತೆಗೆಸಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಗುಂಡಗೆ, ನುಣುಪಾಗಿ, ಕಾಂಟ್ರಾಸ್ಟ್ ಕೊಟ್ಟರೂ ಬಣ್ಣ ಏರದ ಗಡ್ಡೆ ಕಂಡರೆ ನಾನು ಎಂ.ಆರ್.ಐ. ಬರೆಯುತ್ತೇನೆ. ದ್ರವ ಅಲ್ಲಿ ಸುಳ್ಳು ಹೇಳುವುದಿಲ್ಲ. ಒಳಗೆ ಎಲ್ಲೂ ಕಾಂಟ್ರಾಸ್ಟ್ ಹಿಡಿಯದಿದ್ದರೆ, ಗೋಡೆಯಲ್ಲಿ ಗಂಟಿಲ್ಲದಿದ್ದರೆ, ಅದು ಸಿಸ್ಟ್. ಗೋಡೆಯಲ್ಲಿ ಒಂದು ಗಂಟಿದ್ದರೂ ಬಿಡುವುದಿಲ್ಲ. ಒಳಗೆ ನೀರು ತುಂಬಿಕೊಂಡ ಥೈಮೋಮಾಗಳೂ ಇವೆ.

ಇನ್ನೊಂದು, ಥೈಮಸ್ ತಾನೇ ಊದಿಕೊಳ್ಳುವುದು. ಕೀಮೋ ಮುಗಿದು ಕೆಲವು ತಿಂಗಳಾದ ಮೇಲೆ, ದೊಡ್ಡ ಕಾಯಿಲೆಯಿಂದ ಚೇತರಿಸಿಕೊಂಡ ಮೇಲೆ, ಕುಗ್ಗಿದ್ದ ಗ್ರಂಥಿ ಮತ್ತೆ ಬೆಳೆದು ಕಾಣುತ್ತದೆ. ಲಿಂಫೋಮಾಗೆ (ಲಿಂಫ್ ಗ್ರಂಥಿಗಳ ಕ್ಯಾನ್ಸರ್) ಚಿಕಿತ್ಸೆ ಮುಗಿಸಿದ ಹುಡುಗನ ಮನೆಯವರಿಗೆ ಇದನ್ನು ನೋಡಿ ಜೀವವೇ ಹೋದ ಹಾಗಾಗುತ್ತದೆ. ಪೆಟ್ ಸ್ಕ್ಯಾನ್‌ನಲ್ಲೂ ಇದು ಕ್ಯಾನ್ಸರ್‌ನ ಹಾಗೇ ಹೊಳೆಯುತ್ತದೆ, ಅದಕ್ಕೇ ಹೆದರಿಕೆ ಜಾಸ್ತಿ. ಇಲ್ಲಿ ಎಂ.ಆರ್.ಐ.ನ ಕೆಮಿಕಲ್ ಶಿಫ್ಟ್ ವಿಧಾನ ಕೈ ಹಿಡಿಯುತ್ತದೆ. ಒಂದೇ ಜಾಗವನ್ನು ಎರಡು ಬಗೆಯಲ್ಲಿ ತೆಗೆಯುತ್ತೇವೆ. ಒಂದರಲ್ಲಿ ನೀರಿನ ಮತ್ತು ಕೊಬ್ಬಿನ ಸಿಗ್ನಲ್ ಕೂಡುತ್ತವೆ, ಇನ್ನೊಂದರಲ್ಲಿ ಒಂದನ್ನೊಂದು ಕಳೆಯುತ್ತವೆ. ಊದಿದ ಥೈಮಸ್‌ನಲ್ಲಿ ಕೋಶಗಳ ನಡುವೆ ಕೊಬ್ಬು ಬೆರೆತಿರುವುದರಿಂದ ಎರಡನೆಯ ಚಿತ್ರದಲ್ಲಿ ಅದು ಕಪ್ಪಾಗುತ್ತದೆ. ಗಡ್ಡೆಯಲ್ಲಿ ಅಂಥ ಕೊಬ್ಬಿಲ್ಲ, ಅದು ಹಾಗೇ ಉಳಿಯುತ್ತದೆ. ಎರಡರ ಅನುಪಾತ ತೆಗೆದರೆ ಗಡ್ಡೆಯಲ್ಲಿ 1ರ ಹತ್ತಿರ, ಊದಿದ ಗ್ರಂಥಿಯಲ್ಲಿ ಸುಮಾರು 0.5-0.6. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಆ ಮನೆಯವರಿಗೂ ತೋರಿಸುತ್ತೇನೆ. ಆದರೆ ತುಂಬಾ ಚಿಕ್ಕ ವಯಸ್ಸಿನವರಲ್ಲಿ ಕೊಬ್ಬು ಇನ್ನೂ ಬೆರೆತಿರುವುದಿಲ್ಲ. ಅಲ್ಲಿ ಇದೊಂದನ್ನೇ ನಂಬುವುದಿಲ್ಲ.

ಜ್ವರ, ತೂಕ ಇಳಿಕೆ, ಕುತ್ತಿಗೆಯಲ್ಲೂ ಗಂಟು ಇದ್ದರೆ ಲಿಂಫೋಮಾ ಎಂಬ ಅನುಮಾನ. ಅದಕ್ಕೆ ಆಪರೇಷನ್ ಅಲ್ಲ, ಬಯಾಪ್ಸಿ ಮಾಡಿ ಔಷಧಿ. ಹುಡುಗರಲ್ಲಿ ಗಡ್ಡೆಯೊಳಗೆ ಕೊಬ್ಬು, ಸುಣ್ಣ, ನೀರು ಎಲ್ಲಾ ಕಂಡರೆ ಜರ್ಮ್ ಸೆಲ್ ಗಡ್ಡೆ (ವೀರ್ಯ, ಅಂಡಾಣುಗಳ ಮೂಲಕೋಶದಿಂದ ಹುಟ್ಟುವುದು) ಇರಬಹುದು, ಅದರ ಸುಳಿವು ಕೊಡುವ ರಕ್ತಪರೀಕ್ಷೆಗಳಾದ ಎ.ಎಫ್.ಪಿ., ಬೀಟಾ ಎಚ್.ಸಿ.ಜಿ. ಬರೆಸುತ್ತೇನೆ. ಲಿಂಫ್ ಗ್ರಂಥಿಗಳ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಎಚ್ಚರ ಬೇಕು. ಹಳೆಯ ಗಣಿ ಕೆಲಸಗಾರರಲ್ಲಿ ಮೊಟ್ಟೆ ಚಿಪ್ಪಿನ ಹಾಗೆ ಅಂಚಿಗೆ ಸುಣ್ಣ ಕಟ್ಟಿದ ಗ್ರಂಥಿಗಳು ಸಿಗುತ್ತವೆ, ಟಿ.ಬಿ. ವಾಸಿಯಾದವರಲ್ಲಿ ಕಲ್ಲಿನಂಥವು. ಅವನ್ನೆಲ್ಲ ಗಡ್ಡೆ ಹರಡಿದ ಲೆಕ್ಕಕ್ಕೆ ಸೇರಿಸಬಾರದು.

ಇವನ್ನೆಲ್ಲ ದಾಟಿ, ಇದು ಥೈಮೋಮಾನೇ ಅನ್ನಿಸಿತು. ಈಗ ಅದು ಎಷ್ಟು ದೂರ ಹೋಗಿದೆ ಅನ್ನೋದು. ಮೂರು ದಿಕ್ಕಿನ ಅಳತೆ ಬರೆಯುತ್ತೇನೆ. 5 ಸೆಂಟಿಮೀಟರ್ ದಾಟಿದೆಯಾ ಎಂಬುದು ಗಡ್ಡೆಯ ಹಂತ ನಿರ್ಧರಿಸುವ ಟಿ.ಎನ್.ಎಂ. ಪದ್ಧತಿಯ ಈಗಿನ ಒಂಬತ್ತನೇ ಆವೃತ್ತಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಅಂಚು ನುಣುಪೋ, ಗಂಟುಗಂಟೋ, ಸುತ್ತಲಿನ ಕೊಬ್ಬು ಕಪ್ಪಗೇ ಇದೆಯೋ ಕದಡಿದೆಯೋ, ಮಹಾಧಮನಿಯನ್ನು, ಮೇಲಿನ ದೊಡ್ಡ ಅಭಿಧಮನಿಯನ್ನು ಎಷ್ಟು ಸುತ್ತಿಕೊಂಡಿದೆ, ಸುತ್ತಳತೆಯ ಅರ್ಧಕ್ಕಿಂತ ಜಾಸ್ತಿಯಾ, ಪಕ್ಕದ ಶ್ವಾಸಕೋಶದ ಗೆರೆ ಒಡೆದಿದೆಯಾ, ಎಲ್ಲ ಬರೆಯುತ್ತೇನೆ. ಗಡ್ಡೆ ಪೊರೆಯೊಳಗೇ ಇದೆಯೋ ಪೊರೆ ದಾಟಿ ಸ್ವಲ್ಪ ಕೊಬ್ಬಿಗೆ ಇಳಿದಿದೆಯೋ ಎಂಬುದನ್ನು ಸಿ.ಟಿ. ಖಚಿತವಾಗಿ ಹೇಳಲಾರದು. ಅದು ಪ್ಯಾಥಾಲಜಿಯವರ ಕೆಲಸ. ಅದನ್ನೂ ರಿಪೋರ್ಟ್‌ನಲ್ಲಿ ಹಾಗೇ ಹೇಳುತ್ತೇನೆ.

ಎದೆ-ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯು ಡಯಾಫ್ರಂ ಒಂದು ಕಡೆ ಮೇಲೆದ್ದಿದ್ದರೆ ಅಲ್ಟ್ರಾಸೌಂಡ್ ರೂಮಿಗೆ ಕರೆದುಕೊಂಡು ಹೋಗುತ್ತೇನೆ. ಪ್ರೋಬ್ ಪಕ್ಕೆಲುಬಿನ ಕೆಳಗಿಟ್ಟು 'ಮೂಗಲ್ಲಿ ಒಂದೇ ಸಲ ಜೋರಾಗಿ ಎಳ್ಕೊಳ್ಳಿ' ಅಂದರೆ, ಸರಿಯಿರುವ ಡಯಾಫ್ರಂ ತಟ್ಟನೆ ಕೆಳಗೆ ಬರುತ್ತದೆ. ಸೋತದ್ದು ಉಲ್ಟಾ ಮೇಲೆ ಹೋಗುತ್ತದೆ. ಅಂದರೆ ಅದನ್ನು ನಡೆಸುವ ಫ್ರೆನಿಕ್ ನರಕ್ಕೆ ಗಡ್ಡೆ ಮುಟ್ಟಿರಬಹುದು. ಮಯಸ್ತೇನಿಯಾ ಇರುವವರಿಗೆ ಉಸಿರೇ ಬಂಡವಾಳ. ಆ ನರವನ್ನು ಉಳಿಸಬೇಕಾ, ಗಡ್ಡೆಯ ಜೊತೆ ತೆಗೆಯಬೇಕಾ ಎಂದು ಸರ್ಜನ್ ಮೊದಲೇ ಯೋಚಿಸಬೇಕಾಗುತ್ತದೆ. ಇದಕ್ಕೆ ದೊಡ್ಡ ಮೆಷಿನ್ ಬೇಡ, ತಾಲ್ಲೂಕಿನಲ್ಲೂ ಮಾಡಬಹುದು.

ಈಗ ಆ ಕೆಳಗಿನ ಮೂಲೆ. ಥೈಮೋಮಾ ಹರಡುವ ದಾರಿಯೇ ಬೇರೆ. ರಕ್ತದಲ್ಲಿ ದೂರ ಹೋಗುವುದು ಕಡಿಮೆ. ಶ್ವಾಸಕೋಶದ ಹೊದಿಕೆಯಾದ ಪ್ಲೂರಾ ಮೇಲೆ ಸಣ್ಣ ಗಂಟುಗಳಾಗಿ ಉದುರುತ್ತದೆ, ಹೆಚ್ಚಾಗಿ ಒಂದೇ ಕಡೆ, ಎಷ್ಟೋ ಸಲ ನೀರೂ ತುಂಬದೆ. ಆ ಗಂಟುಗಳು ಹಿಂಭಾಗದ ತಗ್ಗಿನಲ್ಲಿ, ಡಯಾಫ್ರಂ ಪಕ್ಕದ ಸಂದಿಯಲ್ಲಿ ಕೂತಿರುತ್ತವೆ. ಗಡ್ಡೆ ಮೇಲೆ, ಮುಂದೆ. ಗಂಟು ಕೆಳಗೆ, ಹಿಂದೆ. ಕಣ್ಣು ಗಡ್ಡೆಯಲ್ಲೇ ನೆಟ್ಟರೆ ಇವು ತಪ್ಪಿಹೋಗುತ್ತವೆ. ಒಂದು ಗಂಟು ಸಿಕ್ಕರೂ ಹಂತ ನಾಲ್ಕಾಗುತ್ತದೆ, ಚಿಕಿತ್ಸೆಯ ಯೋಜನೆಯೇ ಬದಲಾಗುತ್ತದೆ. ಹಾಗಾಗಿ ನಾನು ಮೊದಲು ಪ್ಲೂರಾ ಪೂರ್ತಿ ನೋಡಿ, ಆಮೇಲೆ ಗಡ್ಡೆ ಅಳೆಯುತ್ತೇನೆ.

ಆ ತಾಯಿಯ ಗಡ್ಡೆ ನುಣುಪಾಗಿತ್ತು, ಸುತ್ತಲೂ ಕೊಬ್ಬು ಉಳಿದಿತ್ತು, ಪ್ಲೂರಾ ಶುದ್ಧ. ಬಯಾಪ್ಸಿಗೆ ಸೂಜಿ ಹಾಕುವುದು ಬೇಡ ಎಂದೆವು. ಇಷ್ಟು ಸ್ಪಷ್ಟ ಇದ್ದು, ಪೂರ್ತಿ ತೆಗೆಯಬಹುದಾದ ಥೈಮೋಮಾಗೆ ಮೊದಲು ಬಯಾಪ್ಸಿ ಬೇಕಿಲ್ಲ. ನರದ ಡಾಕ್ಟರ್ ಮೊದಲು ಮಯಸ್ತೇನಿಯಾವನ್ನು ಹತೋಟಿಗೆ ತಂದರು, ಆಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಈಗ ವರ್ಷಕ್ಕೊಮ್ಮೆ ಸಿ.ಟಿ.ಗೆ ನಮ್ಮಲ್ಲಿಗೇ ಬರುತ್ತಾರೆ. ಹೀಗೆ ಐದು ವರ್ಷ, ಆಮೇಲೆ ಒಂದು ವರ್ಷ ಸಿ.ಟಿ., ಒಂದು ವರ್ಷ ಎಕ್ಸ್‌ರೇ. ಹತ್ತು ವರ್ಷ ದಾಟಿದ ಮೇಲೂ ಮರುಕಳಿಸಬಹುದಾದ ಗಡ್ಡೆ ಇದು. 'ಆರಾಮಾಗಿದ್ದೀನಲ್ಲ ಸಾರ್, ಇನ್ನೂ ಬರಬೇಕಾ?' ಎಂದು ಪ್ರತಿ ಸಲ ಕೇಳುತ್ತಾರೆ. 'ಬರಬೇಕಮ್ಮ, ಹಳೇ ಸಿ.ಡಿ. ಮರೀದೆ ತನ್ನಿ' ಅನ್ನುತ್ತೇನೆ. ಫಿಲ್ಮ್ ಸಾಲದು. ಹಳೆಯ ಮತ್ತು ಹೊಸ ಚಿತ್ರಗಳನ್ನು ಪದರಕ್ಕೆ ಪದರ ಜೋಡಿಸಿ ನೋಡಿದರೇನೇ ಎರಡು ಮಿಲಿಮೀಟರ್‌ನ ಗಂಟು ನಾಲ್ಕಾಗಿದ್ದು ಕಾಣುವುದು.