ಏರ್ ಬ್ರೇಕ್ ಟ್ಯಾಂಕಿನಲ್ಲಿ ನೀರು: ಮೋಟರ್‌ಹೋಮ್ ಮಾಲೀಕರು ಮಾಡಬೇಕಾದ್ದೇನು?

ಮೋಟರ್‌ಹೋಮ್ ಎಂದರೆ ಒಳಗೇ ವಾಸಿಸಬಹುದಾದ ವಾಹನ. ಏರ್ ಬ್ರೇಕ್ ಇರುವಲ್ಲಿ ಬ್ರೇಕಿಗೆ ಬೇಕಾದ ಅದುಮಿದ ಗಾಳಿಯನ್ನು ಕೂಡಿಡುವುದು ಏರ್ ಟ್ಯಾಂಕ್. ಅದಕ್ಕೆ ಯಾರೂ ನೀರು ಸುರಿಯುವುದಿಲ್ಲ. ಆದರೂ ಅದರ ಅಡಿಯಲ್ಲಿರುವ ಡ್ರೇನ್ ವಾಲ್ವ್ ತೆರೆದರೆ ನೀರು ಚಿಮ್ಮುವುದುಂಟು. ಆ ನೀರು ಬಂದದ್ದು ಗಾಳಿಯಿಂದಲೇ. ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದುಕೊಂಡು ಸುಮಾರು 120 ಪಿಎಸ್‌ಐ ಒತ್ತಡಕ್ಕೆ ಅದುಮುತ್ತದೆ. ಅಂದರೆ ಹೆಚ್ಚುಕಡಿಮೆ 9 ಲೀಟರ್ ಗಾಳಿ 1 ಲೀಟರ್ ಜಾಗಕ್ಕೆ ಇಳಿಯುತ್ತದೆ, ಅದರಲ್ಲಿದ್ದ ಆವಿಯೂ ಅಷ್ಟೇ ಜಾಗಕ್ಕೆ ಬರುತ್ತದೆ. ಗಾಳಿ ಬಿಸಿಯಾಗಿರುವವರೆಗೆ ಆವಿ ಆವಿಯಾಗಿಯೇ ಉಳಿಯುತ್ತದೆ. ತಣಿಯುತ್ತಿದ್ದಂತೆ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ.

ಆ ನೀರು ಅಲ್ಲಿ ಸುಮ್ಮನೆ ಕೂರುವುದಿಲ್ಲ. ಉಕ್ಕಿನ ಟ್ಯಾಂಕನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ, ತುಕ್ಕಿನ ಪುಡಿ ವಾಲ್ವ್‌ಗಳಿಗೆ ಹರಿಯುತ್ತದೆ. ಗಾಳಿಗಿರಬೇಕಾದ ಜಾಗವನ್ನೂ ನೀರು ಕಬಳಿಸುತ್ತದೆ. ಕೊರೆಯುವ ಚಳಿಯಲ್ಲಿ ಪೈಪು, ವಾಲ್ವ್‌ಗಳೊಳಗೆ ಹೆಪ್ಪುಗಟ್ಟಿದರೆ ಬ್ರೇಕ್ ಹಿಡಿಯದೆ ಇರಬಹುದು, ಹಿಡಿದದ್ದು ಬಿಡದೆಯೂ ಇರಬಹುದು.

ಇದನ್ನು ತಡೆಯಲು ಕಂಪ್ರೆಸರ್ ಮತ್ತು ಟ್ಯಾಂಕುಗಳ ನಡುವೆ ಏರ್ ಡ್ರೈಯರ್ ಇರುತ್ತದೆ. ಅದರ ಕಾರ್ಟ್ರಿಡ್ಜ್‌ನೊಳಗಿನ ತೇವಹೀರುವ ಹರಳುಗಳು ಆವಿಯನ್ನು ಹಿಡಿದಿಡುತ್ತವೆ. ಒತ್ತಡ ತುಂಬಿದಾಗ ಗವರ್ನರ್ ಎಂಬ ಒತ್ತಡ ನಿಯಂತ್ರಕ ಕಂಪ್ರೆಸರನ್ನು ತಡೆದು, ಡ್ರೈಯರಿನ ಪರ್ಜ್ ವಾಲ್ವನ್ನು (ಕೂಡಿದ ತೇವವನ್ನು ಹೊರಹಾಕುವ ವಾಲ್ವ್) ತೆರೆಸುತ್ತದೆ. ಆಗ ಯಾರೋ ಜೋರಾಗಿ ಸೀನಿದಂಥ ಸದ್ದು ಬರುತ್ತದೆ. ಕೂಡಿದ್ದ ನೀರು, ಎಣ್ಣೆ ಹೊರಬೀಳುತ್ತವೆ, ಒಣಗಿದ ಸ್ವಲ್ಪ ಗಾಳಿ ಹಿಮ್ಮುಖವಾಗಿ ಹರಿದು ಹರಳುಗಳನ್ನು ಮತ್ತೆ ಒಣಗಿಸುತ್ತದೆ. ದಿನವಿಡೀ ಓಡುವ ಲಾರಿಗೆ ಇಷ್ಟು ಸಾಕು. ಮೋಟರ್‌ಹೋಮ್ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರುತ್ತದೆ. ನಡುವೆ ಬಂದು ಹತ್ತು ನಿಮಿಷ ಎಂಜಿನ್ ಓಡಿಸಿ ಹೋಗುವವರು ವಾಹನಕ್ಕೆ ಉಪಕಾರ ಮಾಡಿದೆವು ಎಂದುಕೊಳ್ಳುತ್ತಾರೆ. ನಿಜದಲ್ಲಿ ಅವರು ಒಳಗೆ ಹೊಸ ತೇವ ತುಂಬಿ, ಅದು ಹೊರಹೋಗುವ ಮೊದಲೇ ಎಂಜಿನ್ ಆರಿಸಿರುತ್ತಾರೆ. ಓಡಿಸುವುದಾದರೆ ರಸ್ತೆಗೆ ಇಳಿಸಿ, ಎಲ್ಲವೂ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಬೇಕು.

ಈಗ ಕೆಲಸಕ್ಕೆ ಬರೋಣ. ಚಿಕ್ಕ ಮೋಟರ್‌ಹೋಮ್‌ಗಳಲ್ಲಿ ಸಾಮಾನ್ಯವಾಗಿ ಹೈಡ್ರಾಲಿಕ್ ಬ್ರೇಕ್ ಇರುವುದರಿಂದ ನಿಮ್ಮದು ಏರ್ ಬ್ರೇಕ್ ಹೌದೇ ಎಂದು ಮೊದಲು ಕೈಪಿಡಿ ನೋಡಿ. ಹೌದಾದರೆ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡೆ ಕೊಡಿ.

ಮುಂದಿನ ಎಚ್ಚರಿಕೆಯನ್ನು ಎರಡು ಬಾರಿ ಓದಿದರೂ ತಪ್ಪಿಲ್ಲ. ಏರ್ ಸಸ್ಪೆನ್ಷನ್ ಇರುವ, ಅಂದರೆ ಗಾಳಿ ತುಂಬಿದ ಚೀಲಗಳ ಮೇಲೆ ನಿಂತ ವಾಹನ ಗಾಳಿ ಖಾಲಿಯಾದಂತೆ ಕುಸಿಯುತ್ತದೆ. ಅಷ್ಟು ಭಾರ ಮೈಮೇಲೆ ಇಳಿದರೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಚಾಸಿಗೆ (ವಾಹನದ ಅಡಿಚೌಕಟ್ಟಿಗೆ) ತಕ್ಕ ಬಲದ ಸ್ಟ್ಯಾಂಡ್ ಕೊಡದೆ ತಲೆಯನ್ನೂ ಕೆಳಗೆ ತೂರಿಸಬೇಡಿ. ವಾಹನವನ್ನು ಮಟ್ಟವಾಗಿ ನಿಲ್ಲಿಸುವ ಲೆವೆಲಿಂಗ್ ಜ್ಯಾಕ್ ಇದೆಯಲ್ಲ ಎಂಬ ಧೈರ್ಯ ಬೇಡ. ಡ್ರೇನ್ ವಾಲ್ವ್‌ಗೆ ಕೇಬಲ್ ಕಟ್ಟಿ ಅಂಚಿಗೆ ತಂದಿದ್ದರೆ ಹೊರಗೇ ನಿಂತು ಎಳೆಯಬಹುದು. ಇಲ್ಲದಿದ್ದರೆ ಒಮ್ಮೆ ಕಾರ್ಯಾಗಾರದಲ್ಲಿ ಹಾಗೆ ಮಾಡಿಸಿಕೊಳ್ಳುವುದು ಜಾಣತನ. ಕಣ್ಣಿಗೆ ರಕ್ಷಣಾ ಕನ್ನಡಕವಂತೂ ಬೇಕೇ ಬೇಕು.

ಟ್ಯಾಂಕುಗಳು ಸಾಮಾನ್ಯವಾಗಿ ಮೂರು: ಡ್ರೈಯರಿನಿಂದ ಗಾಳಿ ಮೊದಲು ಸೇರುವ ವೆಟ್ ಟ್ಯಾಂಕ್, ಆಮೇಲೆ ಪ್ರೈಮರಿ ಮತ್ತು ಸೆಕೆಂಡರಿ. ಪ್ರಯಾಣ ಮುಗಿಸಿ ಗಾಳಿ ತಣಿದ ಮೇಲೆ, ಒತ್ತಡ ಇನ್ನೂ ಇರುವಾಗಲೇ ವೆಟ್ ಟ್ಯಾಂಕಿನಿಂದ ಶುರು ಮಾಡಿ. ಕೆಳಗೊಂದು ಬಿಳಿ ತಟ್ಟೆ ಇಟ್ಟು ವಾಲ್ವನ್ನು ನಿಧಾನವಾಗಿ ತೆರೆಯಿರಿ. ಎರಡು ಬಾರಿ ಬುಸ್ಸೆನಿಸಿ ಮುಚ್ಚಿದರೆ ಸಾಲದು. ಗಾಳಿಯ ಸದ್ದು ಪೂರ್ತಿ ನಿಂತ ಮೇಲೂ ತಳದ ನೀರು ಜಿನುಗುತ್ತಿರುತ್ತದೆ. ಉಳಿದ ಎರಡಕ್ಕೂ ಹೀಗೆಯೇ ಮಾಡಿ, ತಟ್ಟೆಯಲ್ಲಿ ಬಿದ್ದದ್ದನ್ನು ಒಂದೊಂದು ಟ್ಯಾಂಕಿಗೂ ಬೇರೆಯಾಗಿ ನೋಡಿ.

ಅನೇಕರು ಚೆಲ್ಲಿಬಿಡುವ ಆ ತಟ್ಟೆಯಲ್ಲೇ ರೋಗದ ಗುರುತು ಇರುತ್ತದೆ. ವೆಟ್ ಟ್ಯಾಂಕಿನಿಂದ ಕೆಲವು ಹನಿ ತಿಳಿನೀರು ಬಂದರೆ ಚಿಂತೆ ಬೇಡ. ಪ್ರತಿ ಸಲವೂ ಧಾರಾಳವಾಗಿ ಬಂದರೆ, ಅದರಲ್ಲೂ ಮುಂದಿನ ಟ್ಯಾಂಕುಗಳಲ್ಲೂ ನೀರಿದ್ದರೆ, ಡ್ರೈಯರ್ ಸೋತಿದೆ ಎಂದರ್ಥ. ಹಾಲುಬಿಳುಪಿನ ಜಿಡ್ಡು ಕಂಡರೆ ನೀರಿನೊಡನೆ ಕಂಪ್ರೆಸರಿನ ಎಣ್ಣೆ ಬೆರೆತಿದೆ. ಆಗ ಕಾರ್ಟ್ರಿಡ್ಜ್ ಮಾತ್ರ ಬದಲಿಸುವುದು ದಂಡ, ಎಣ್ಣೆ ಮೆತ್ತಿದ ಹೊಸ ಹರಳುಗಳೂ ಬೇಗನೆ ಕೆಡುತ್ತವೆ, ಕಂಪ್ರೆಸರನ್ನೇ ತೋರಿಸಬೇಕು. ಬಿಳಿ ಪುಡಿಯೋ ಸಣ್ಣ ಮಣಿಗಳೋ ಬಿದ್ದರೆ ಕಾರ್ಟ್ರಿಡ್ಜ್ ಒಳಗೇ ಒಡೆದಿದೆ. ಆ ಪುಡಿ ಬ್ರೇಕ್ ವಾಲ್ವ್‌ಗಳವರೆಗೂ ಹೋಗಿರಬಹುದಾದ್ದರಿಂದ ವಾಹನವನ್ನು ಪರಿಣತರಿಗೆ ಒಪ್ಪಿಸಿ.

ಎಲ್ಲ ವಾಲ್ವ್‌ಗಳನ್ನು ಮುಚ್ಚಿ ಎಂಜಿನ್ ಶುರು ಮಾಡಿ. ಕಡಿಮೆ ಒತ್ತಡದ ಎಚ್ಚರಿಕೆ ಸುಮಾರು 60 ಪಿಎಸ್‌ಐ ದಾಟುವವರೆಗೂ ಕೂಗುತ್ತಿರುತ್ತದೆ. ಒತ್ತಡ ತುಂಬಿದಾಗ ಆ ಸೀನು ಕೇಳಿಸಲೇಬೇಕು. ಕೇಳಿಸದಿದ್ದರೆ ಪರ್ಜ್ ವಾಲ್ವ್ ಅಥವಾ ಗವರ್ನರ್ ಕೆಲಸ ಮಾಡುತ್ತಿಲ್ಲ. ಸೀನಿನ ನಂತರವೂ ಗಾಳಿ ಬಿಡದೆ ಸೋರುತ್ತಿದ್ದರೆ ವಾಲ್ವ್ ಕಸ ಸಿಕ್ಕಿಯೋ ಸವೆದೋ ಪೂರ್ತಿ ಮುಚ್ಚುತ್ತಿಲ್ಲ. ಚಳಿನಾಡಿನಲ್ಲಾದರೆ ಡ್ರೈಯರಿನ ಪುಟ್ಟ ಹೀಟರ್ ಬಿಸಿಯಾಗುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿ.

ಕಾರ್ಟ್ರಿಡ್ಜ್ ಬದಲಾವಣೆಗೆ ಸಾಮಾನ್ಯವಾಗಿ 2ರಿಂದ 3 ವರ್ಷದ ಅವಧಿ ಹೇಳುತ್ತಾರೆ. ವಾಹನ ಕಡಿಮೆ ಓಡಿದೆ ಎಂದು ಮುಂದೂಡಬೇಡಿ. ಬಿಚ್ಚುವ ಮೊದಲು ಒತ್ತಡ ಸೊನ್ನೆಗೆ ಇಳಿದಿರಲೇಬೇಕು. ಹೆಪ್ಪುಗಟ್ಟದಿರಲೆಂದು ವ್ಯವಸ್ಥೆಗೆ ಆಲ್ಕೋಹಾಲ್ ಸುರಿಯುವ ಹಳೆಯ ರೂಢಿಯನ್ನು ತಯಾರಕರು ಒಪ್ಪದ ಹೊರತು ಅನುಸರಿಸಬೇಡಿ. ಡ್ರೈಯರಿನ ಹರಳುಗಳಿಗೆ ಅದು ಹಾನಿ ಮಾಡಬಲ್ಲದು. ಹೊರಗಿನ ಕಂಪ್ರೆಸರಿನಿಂದ ಗಾಳಿ ತುಂಬುವವರು ಆ ಗಾಳಿ ಮೊದಲು ಡ್ರೈಯರಿನ ಮೂಲಕ ಹಾದು ಟ್ಯಾಂಕಿಗೆ ಹೋಗುವಂತೆ ಜೋಡಣೆ ಇದೆಯೇ ಎಂದು ನೋಡಿಕೊಳ್ಳಿ. ನೇರ ಟ್ಯಾಂಕಿಗೆ ಕೊಟ್ಟರೆ ತೇವವೂ ನೇರವಾಗಿ ಒಳಹೋಗುತ್ತದೆ. ಹೊಸ ಕಾರ್ಟ್ರಿಡ್ಜ್ ಹಾಕಿದ ಮೇಲೆ ಕೆಲವು ಪ್ರಯಾಣಗಳ ನಂತರ ಇನ್ನೊಮ್ಮೆ ಡ್ರೇನ್ ಮಾಡಿ. ಆಗಲೂ ನೀರು ಮೊದಲಿನಷ್ಟೇ ಬಂದರೆ ಪರ್ಜ್ ವಾಲ್ವ್, ಗವರ್ನರ್ ಮತ್ತು ಗಾಳಿಯ ಸೋರಿಕೆಗಳನ್ನು ಪರೀಕ್ಷಿಸಿ. ಸೋರಿಕೆಯಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ದುಡಿಯುತ್ತದೆ, ಡ್ರೈಯರಿಗೆ ಒಣಗಲು ಪುರುಸೊತ್ತೇ ಸಿಗುವುದಿಲ್ಲ.